ಪೋಸ್ಟರಿನ ಕೆಳಗೆ ಶುಭ ಕೋರುವವರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ದಾಂಡೇಲಿ ಅಂದಮೇಲೆ ಕಾಳಿ ನದಿಯಿಂದಲೇ ಶುರುವಾಗಬೇಕು ಎಂದು ನನ್ನೊಳಗಿನ ಸಾಹಿತಿ ಹಟ ಹಿಡಿದ. ಸರಿ, ಬರೆದೆ. ಸೂಪಾದ ಹಿನ್ನೀರು ಬಂತು, ಬಿದಿರು ಮೆಳೆ ಬಂತು, ಮಂಗಟ್ಟೆ ಹಕ್ಕಿ ಕೂಡ ಬಂದು ಕೂತಿತು. ಅಷ್ಟರಲ್ಲಿ ಕಥಾನಾಯಕಿ ಉಜ್ಮಾ ಓದಿ ಮೂಗು ಮುರಿದಳು.

"ನಾ ದಾಂಡೇಲಿಯಾಕಿ ಅಂದ ಕೂಡ್ಲೆ ಹೊಳಿ ಯಾಕ ಹರಸ್ತೀರಿ? ನಮ್ಮ ಮನಿ ಮುಂದ ಹರಿಯೂದು ಗಟಾರರಿ. ನನ್ನ ಪೋಸ್ಟರಿನಿಂದ ಶುರು ಮಾಡ್ರಿ."

ಆ ಪುಟವನ್ನು ಹರಿದು ಹಾಕಿದೆ. (ಸುಳ್ಳು. ಕಂಪ್ಯೂಟರಿನಲ್ಲಿ ಬರೆಯುವವರು ಏನನ್ನೂ ಹರಿಯುವುದಿಲ್ಲ. ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ. ಯಾವುದಾದರೂ ರೆಸಾರ್ಟಿನವರು ಕೇಳಿದರೆ ಕೊಡುತ್ತೇನೆ.)

ಮತ್ತೆ ೧

ಉಜ್ಮಾ ಹಳಿಯಾಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ, ದಾಂಡೇಲಿಯ ಕಾರ್ಮಿಕರ ಓಣಿಗಳ ಮಾತು. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಕನ್ನಡ, ಅವಳ ಮನೆಯ ಉರ್ದು, ಜೋಯಿಡಾ ಕಡೆಯ ಕೊಂಕಣಿ, ಮೂರೂ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗ ಹುಟ್ಟಿದ ಪದಗಳನ್ನು ಅವಳು ಕೂಡಿಹಾಕಿದ್ದಾಳೆ.

ಅವುಗಳಲ್ಲಿ ಅವಳಿಗೆ ಪ್ರಾಣವಾದ ಪದ 'ಭೋಂಗಾ'. ಅಂದರೆ ಊರಿನ ಕಾಗದದ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಕೂಗುವ ಸೈರನ್. ಆದರೆ ಅವಳ ಓಣಿಯಲ್ಲಿ ಯಾವುದು ಮುಗಿದರೂ 'ಭೋಂಗಾ ಆತು' ಎನ್ನುತ್ತಾರೆ. ಪರೀಕ್ಷೆಯ ವೇಳೆ ಮುಗಿದರೆ ಭೋಂಗಾ ಆತು. ಮದುವೆಯಲ್ಲಿ ಬಿರ್ಯಾನಿ ತೀರಿದರೂ ಭೋಂಗಾ ಆತು.

ಧಾರವಾಡದ ಗೈಡ್ ಸುಮಿತಾ ಮೇಡಂಗೆ ಇದು ಸಂಶೋಧನೆಯೋ ಹರಟೆಯೋ ಎಂಬ ಅನುಮಾನ. ಹಳಿಯಾಳದಲ್ಲೇ ನಡೆಯಲಿದ್ದ ವಿಚಾರ ಸಂಕಿರಣಕ್ಕೆ ಉಜ್ಮಾ ಪ್ರಬಂಧ ಕಳಿಸಿದಳು. ಮಂಡನೆಗೆ ಜಾಗವಿಲ್ಲ, ಪೋಸ್ಟರ್ ಹಾಕಿ ಎಂಬ ಉತ್ತರ ಬಂತು. (ಒಳಗೆ ಭಾಷಣ, ಹೊರಗೆ ವರಾಂಡದಲ್ಲಿ ಪೋಸ್ಟರು, ಅದರ ಪಕ್ಕ ಚಹಾ. ಜನ ಯಾವುದರ ಮುಂದೆ ನಿಲ್ಲುತ್ತಾರೆ ಎಂದು ನಿಮಗೆ ಹೇಳಬೇಕಿಲ್ಲ.) ಮೇಡಂ ಕೆಟ್ಟವರಲ್ಲ, ಆದರೆ ನೇರ ಮಾತಿನವರು. ಅಲ್ಲಿ ಒಬ್ಬರಾದರೂ ನಿಂತು ಪೂರ್ತಿ ಓದಿದರೆ ಇದೇ ವಿಷಯ ಮುಂದುವರಿಸು, ಇಲ್ಲದಿದ್ದರೆ ಬೇರೆಯದನ್ನು ಹುಡುಕೋಣ ಎಂದುಬಿಟ್ಟರು.

೨

ಇಲ್ಲಿ ಲಗಮಪ್ಪ ಬರಬೇಕು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಉಜ್ಮಾಳ ಎದುರು ಮನೆಯವರು. ಅವಳ ಅರ್ಧದಷ್ಟು ಪದಗಳು ಅವರ ಕಟ್ಟೆಯ ಮೇಲೆ ಸಿಕ್ಕಂಥವು. ಖುಷಿಯಾಗಲಿ ಎಂದು ಅವಳು ಅವರಿಗೆ ಕರಡು ಓದಿ ಹೇಳಿದಳು. ಅವರ ಮಾತಿನ ಕೆಳಗೆ ರೂಢಿಯಂತೆ 'ಮಾಹಿತಿದಾರ: ಲಗಮಪ್ಪ' ಎಂದಿತ್ತು.

"ಮಾಹಿತಿದಾರ ಅಂದ್ರ ಪೊಲೀಸರಿಗೆ ಸುದ್ದಿ ಮುಟ್ಟಸಾಂವ ಅಲ್ಲೇನವಾ? ನಾ ಯಾರ ಮ್ಯಾಲೆ ಚಾಡಿ ಹೇಳೇನಿ? ನನ್ನ ಹೆಸರು ತಗದುಬಿಡು."

ಸಂಶೋಧನೆಯಲ್ಲಿ ಹಾಗೇ ಬರೆಯುವುದು ಎಂದು ಅವಳು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಅವರು ಜಗಳವಾಡಲಿಲ್ಲ, ಮಾತು ಬಿಟ್ಟರು ಅಷ್ಟೆ. ಅವಳು ಹೊರಗೆ ಬಂದರೆ ಅವರು ಒಳಗೆ ಹೋಗುತ್ತಿದ್ದರು. ಉಜ್ಮಾಳಿಗೆ ಪ್ರಬಂಧ ಮಂಡನೆಗೆ ಜಾಗ ಸಿಗದೆ ಹೋದದ್ದಕ್ಕಿಂತ ಇದರಿಂದಲೇ ಹೆಚ್ಚು ನೋವಾಯಿತು.

(ಇಲ್ಲಿ ಲಗಮಪ್ಪನವರನ್ನು ಸಾಯಿಸಿದರೆ ಕಥೆಗೆ ತೂಕ ಬರುತ್ತಿತ್ತು. ಉಜ್ಮಾ ಒಪ್ಪಲಿಲ್ಲ. ಲಗಮಪ್ಪನವರೂ ಒಪ್ಪಲಿಲ್ಲ.)

೩

ಪೋಸ್ಟರ್ ಮುದ್ರಿಸಲು ಕೊಟ್ಟದ್ದು ಆಕಿಬನ ಫ್ಲೆಕ್ಸ್ ಅಂಗಡಿಗೆ. ಬರಹವನ್ನೆಲ್ಲ ಕಳಿಸಿ, ಕೊನೆಗೆ ಒಂದು ವಾಯ್ಸ್ ಮೆಸೇಜ್ ಹಾಕಿದಳು: ಕೆಳಗಡೆ ಸಹಾಯ ಮಾಡಿದವರ ಹೆಸರು ಬರಲಿ. ಹೆಸರುಗಳನ್ನೂ ಹೇಳಿದಳು. ಮನಸ್ಸು ತಡೆಯದೆ ಲಗಮಪ್ಪನವರ ಹೆಸರನ್ನೂ ಸೇರಿಸಿದಳು.

ನಮ್ಮ ಕಡೆ ಫ್ಲೆಕ್ಸಿಗೆ ಒಂದು ವ್ಯಾಕರಣ ಇದೆ. ಮೇಲೆ ಮುಖಂಡರು, ನಡುವೆ ಹುಟ್ಟುಹಬ್ಬದವರು, ಕೆಳಗೆ ಸಾಲಾಗಿ ವೃತ್ತಗಳಲ್ಲಿ ಶುಭ ಕೋರುವವರು. ಆಕಿಬ ಆ ವ್ಯಾಕರಣದಲ್ಲಿ ಪಂಡಿತ.

ಸಂಕಿರಣದ ಹಿಂದಿನ ಸಂಜೆ ಉಜ್ಮಾ ಹೋದಾಗ ಪೋಸ್ಟರ್ ನೆಲದ ಮೇಲೆ ಹಾಸಿತ್ತು. ಪದಗಳು, ನಕ್ಷೆ, ಆಧಾರಗಳು ಎಲ್ಲ ಸರಿಯಾಗಿದ್ದವು. ಅವುಗಳ ಕೆಳಗೆ ಕೆಂಪು ಪಟ್ಟಿಯಲ್ಲಿ ದೊಡ್ಡದಾಗಿ 'ಶುಭ ಕೋರುವವರು'. ಅವಳ ತಾಯಿ ಗುಲ್ಶನ, ಯಾವುದೋ ಮದುವೆಯ ಜರಿ ದುಪಟ್ಟಾದಲ್ಲಿ. ಮೂಲೆಮನೆಯ ಗೋದುಬಾಯಿ, ಸ್ಟುಡಿಯೋದ ಜಲಪಾತದ ಮುಂದೆ ಕೈ ಮುಗಿದುಕೊಂಡು. ಗ್ಯಾರೇಜಿನ ಪರಸಪ್ಪ, ಕಪ್ಪು ಕನ್ನಡಕ ಹಾಕಿ, ಮೊಬೈಲನ್ನು ಕಿವಿಗೆ ಹಿಡಿದು. ತುದಿಯಲ್ಲಿ ಒಂದು ಖಾಲಿ ವೃತ್ತ. ಅದರ ಕೆಳಗೆ ಲಗಮಪ್ಪ ಎಂಬ ಹೆಸರು ಮಾತ್ರ.

"ಹೆಸರು ಹಾಕಿ ಫೋಟೋ ಹಾಕ್ಲಿಲ್ಲಂದ್ರ ಮಂದಿ ಬೇಜಾರ ಆಗ್ತಾರ ಆಪಾ," ಎಂದ ಆಕಿಬ. "ಮನಿ ಮನಿಗೆ ಹೋಗಿ ತಂದೇನಿ. ಲಗಮಪ್ಪ ಕಾಕಾ ಕೊಡಲಿಲ್ಲ. ಜಾಗಾ ಬಿಟ್ಟೇನಿ."

(ಅವರು ಮಾತಾಡಿದ್ದು ಉರ್ದುವಿನಲ್ಲಿ. ಕನ್ನಡಕ್ಕೆ ತಂದವನು ನಾನು. ತಪ್ಪಿದ್ದರೆ ಉಜ್ಮಾ ತಿದ್ದುತ್ತಾಳೆ, ಅವಳಿಗೆ ಆ ಅಭ್ಯಾಸ ಇದೆ.)

ಉಜ್ಮಾಳ ಕಣ್ಣು ತುಂಬಿ ಬಂತು. ಹೊಸದಾಗಿ ಹಾಕಿಸಲು ವೇಳೆ ಇರಲಿಲ್ಲ, ಬೆಳಿಗ್ಗೆಯೇ ಬಸ್ಸು ಹಿಡಿಯಬೇಕು. ಅವಳ ಮುಖ ನೋಡಿ ಆಕಿಬ ಪೆಚ್ಚಾದ. ಕೆಳಗಿನ ಪಟ್ಟಿ ಕತ್ತರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಬ್ಲೇಡು ತಂದು ಕೊಟ್ಟ.

ಈ ಜಾಗದಲ್ಲಿ ನಾನು ಅವಳ ಅಂತರಂಗವನ್ನು ಎರಡು ಪುಟ ಬರೆಯಲು ಸಿದ್ಧನಾಗಿದ್ದೆ.

"ನನ್ನ ಕೈಯಾಗ ಬ್ಲೇಡ್ ಐತಿ," ಎಂದಳು. "ನೀವು ಸ್ವಲ್ಪ ಸುಮ್ಮನಿರ್ರಿ."

ಸುಮ್ಮನಿದ್ದೆ. ಅವಳು ಆ ಕೆಂಪು ಪಟ್ಟಿಯನ್ನೇ ನೋಡುತ್ತ ಕೂತಳು. ತಾನು ಬರೆದದ್ದು ಮಾಹಿತಿದಾರರು. ಆಕಿಬ ಬರೆದದ್ದು ಶುಭ ಕೋರುವವರು. ಚಹಾ ಕೊಟ್ಟು, ಮಾತು ಕೊಟ್ಟು, ನಮ್ಮ ಓಣಿಯ ಹುಡುಗಿ ಡಾಕ್ಟರ್ ಆಗಲಿ ಎಂದವರು ಯಾರಿಗೂ ಯಾವ ಮಾಹಿತಿಯನ್ನೂ ಒದಗಿಸಿರಲಿಲ್ಲ. ಅವರು ಕೋರಿದ್ದು ಶುಭವನ್ನೇ. ಬ್ಲೇಡನ್ನು ಟೇಬಲ್ ಮೇಲಿಟ್ಟು, ಇದನ್ನು ಹೀಗೇ ಸುತ್ತಿಕೊಡು ಎಂದಳು.

(ಆಕಿಬನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಸುತ್ತಿದ.)

೪. ಮುಕ್ತಾಯಗಳು, ಬೇಕಾದವರು ಆರಿಸಿಕೊಳ್ಳಬಹುದು

(ಅ) ಪೋಸ್ಟರಿಗೆ ಮೊದಲ ಬಹುಮಾನ ಬಂತು. ಚಪ್ಪಾಳೆ. ಇದನ್ನು ಉಜ್ಮಾ ಹೊಡೆದು ಹಾಕಿದಳು. ಅಲ್ಲಿ ಪೋಸ್ಟರುಗಳಿಗೆ ಬಹುಮಾನವೇ ಇರಲಿಲ್ಲವಂತೆ.

(ಆ) ಎಲ್ಲರೂ ನಕ್ಕರು, ಮೇಡಂ ತಲೆ ತಗ್ಗಿಸಿದರು, ವಿಷಯ ಬದಲಾಯಿತು. ಇದನ್ನು ನಾನೇ ಅಳಿಸಿದೆ. ಬರೆದಾದ ಮೇಲೆ ಊಟ ಸೇರಲಿಲ್ಲ.

(ಇ) ನಕ್ಕದ್ದಂತೂ ನಿಜ. ಕಪ್ಪು ಕನ್ನಡಕದ ಪರಸಪ್ಪನ ಪಕ್ಕ ನಿಂತು ಕೆಲವರು ಸೆಲ್ಫಿ ತೆಗೆದುಕೊಂಡರು. ಉಜ್ಮಾ ಕಿವಿ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ನಕ್ಕವರು ಚಹಾದ ಕಡೆ ಹೋದರು. ಒಬ್ಬರು ಮಾತ್ರ ಹೋಗಲಿಲ್ಲ. ಮೊದಲು ಕೆಳಗಿನ ಮುಖಗಳನ್ನು ನೋಡಿ, ಆಮೇಲೆ ಮೇಲಕ್ಕೆ, ಪದಗಳ ಕಡೆ ಬಂದರು. 'ಭೋಂಗಾ' ಇದ್ದಲ್ಲಿ ಅವರ ಬೆರಳು ನಿಂತಿತು.

ಅವರು ಯಾರು ಎಂದು ಹೇಳಲಾರೆ. ಸಭೆಯಿಂದ ಎದ್ದು ಬಂದ ಸುಮಿತಾ ಮೇಡಂ ಇರಬಹುದು. ಮುಂಡಗೋಡದಿಂದ ಬಂದ ಯಾರೋ ಮೇಷ್ಟ್ರಿರಬಹುದು. ಈ ಕಥೆಯ ತಲೆಬರಹದಲ್ಲಿ ಶುಭ ಕೋರುವವರನ್ನು ಕಂಡು ಏನಪ್ಪಾ ಇದು ಎಂದು ನಿಂತ ನೀವೂ ಇರಬಹುದು.

ಅಷ್ಟರಲ್ಲಿ ಉಜ್ಮಾಳ ಫೋನು ಅದುರಿತು. ಲಗಮಪ್ಪ. ಮಾತು ಬಿಟ್ಟ ಮೇಲೆ ಮೊದಲ ಸಲ. ತನ್ನ ಹೆಸರಿನ ಮೇಲೆ ಏನಂತ ಹಾಕಿದ್ದೀ ಎಂದು ಕೇಳಿದರು. ಅವಳು 'ಶುಭ ಕೋರುವವರು' ಎಂದು ಓದಿ ಹೇಳಿದಳು, ಖಾಲಿ ಬಿಟ್ಟ ವೃತ್ತದ ಸುದ್ದಿಯನ್ನೂ ಹೇಳಿದಳು. ಅವರು ಕೆಮ್ಮಿದರು.

"ಆಕಿಬಗ ಹೇಳು, ಆ ಜಾಗಾ ಹಂಗಽ ಇರ್ಲಿ. ಫೋಟೋ ತಗಸ್ತೇನಿ," ಎಂದರು. ಆಮೇಲೆ ದನಿ ತಗ್ಗಿಸಿ, "ಅಲ್ಲೆ ಭೋಂಗಾ ಆತೇನವಾ?"

ಉಜ್ಮಾ ಪೋಸ್ಟರಿನ ಕಡೆ ತಿರುಗಿ ನೋಡಿದಳು.

"ಇನ್ನೂ ಇಲ್ರಿ ಕಾಕಾ. ಒಬ್ಬರು ನಿಂತು ಓದಾಕತ್ತಾರ."