ಕೂಡಿ ಬಂದವರ ಎಣಿಕೆ

“ಅಮ್ಮಾ, ಜಾಸ್ತಿ ಜನ ಸಂಗಪ್ಪ ತಾತನ್ನೇ ಫಸ್ಟ್ ಅಂತ ಬರೆದ್ರಲ್ವಾ? ಮತ್ಯಾಕೆ ಸೋತ್ರು?”

ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಮಗಳು ರಕ್ಷಾ ಕೇಳಿದ ಈ ಪ್ರಶ್ನೆಗೆ ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಯಾರೂ ಇನ್ನೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಬಾಗಲಕೋಟೆ ಕಡೆಯಿಂದ ಬಂದು, ಯಲಹಂಕದ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದ ಸಂಗಪ್ಪನವರು, ಏಪ್ರಿಲ್ ಬಿಸಿಲಿನಲ್ಲೂ ಕಳಚದ ಬೂದು ಕೋಟಿನಲ್ಲಿ, ಬಲಗಾಲನ್ನು ಕೊಂಚ ಎಳೆಯುತ್ತಾ ಬಂದು, ತರಕಾರಿ ಗಾಡಿಯ ಮುಂದೆಯೂ ತಮ್ಮ ಆದ್ಯತಾಕ್ರಮವನ್ನು ಘೋಷಿಸುವವರು: “ಮೊದಲ್ನೇದು ಬದ್ನಿಕಾಯಿ, ಅದಿಲ್ಲಾಂದ್ರ ಹೀರಿಕಾಯಿ, ಅದೂ ಇಲ್ಲಾಂದ್ರ ಮನಿಗೆ ಹೋಗ್ತೀನಿ.”

ಆಟದ ಬಯಲಿನಲ್ಲಿ ಮಕ್ಕಳು ಕಿತ್ತಾಡಿದರೆ ಅವರೇ ನ್ಯಾಯಾಧೀಶರು. ಪ್ರತಿ ಮಗುವೂ ಆಟಗಳನ್ನು ಇಷ್ಟದ ಕ್ರಮದಲ್ಲಿ ಹೇಳಬೇಕು; ಮೊದಲನೆಯದಕ್ಕೆ ಹೆಚ್ಚು ಅಂಕ, ಕೊನೆಯದಕ್ಕೆ ಸೊನ್ನೆ. ಒಮ್ಮೆ ದೊಡ್ಡ ಹುಡುಗರು ಗೋಡೆ ಕ್ರಿಕೆಟ್, ಒನ್ ಪಿಚ್ ಕ್ರಿಕೆಟ್, ಟೆನಿಸ್ ಬಾಲ್ ಕ್ರಿಕೆಟ್ ಎಂದು ಮೂರು ಹೆಸರು ತೂರಿಸಿ ಖೋಖೋವನ್ನು ಮುಳುಗಿಸಹೊರಟಾಗ, ಕೋಟಿನ ತೋಳು ಝಾಡಿಸಿ ನಕ್ಕಿದ್ದರು: “ಇವೆಲ್ಲಾ ಕ್ರಿಕೆಟ್ಟ ಅಲ್ಲೇನ್ರಲೇ? ಕೂಡಿ ಬಂದವ್ರನ್ನ ಕೂಡ್ಸೇ ಎಣಸ್ಬೇಕು.”

ಮಕ್ಕಳಲ್ಲಿ ಹಿಡಿದ ಕಳ್ಳಾಟವನ್ನು ಅವರು ದೊಡ್ಡವರಲ್ಲಿ ಶಂಕಿಸಲೇ ಇಲ್ಲ. ಸಂಘದ ಅಧ್ಯಕ್ಷರ ಆಯ್ಕೆಗೂ ಅದೇ ಪದ್ಧತಿಯನ್ನು ತಂದರು. ಈ ಜಾಗದ ಹಳೆಯ ಒಡೆಯರ ಮನೆತನದ ಬಾಲರಾಜು, ಆಟದ ಬಯಲನ್ನು ಬಾಡಿಗೆ ಪಾರ್ಕಿಂಗ್ ಮಾಡಹೊರಟವರು, ತಾವೂ ನಿಂತು ಹೆಂಡತಿಯನ್ನೂ ಭಾವಮೈದುನನನ್ನೂ ನಿಲ್ಲಿಸಿದರು. ಎದುರಿಗೆ ಸಂಗಪ್ಪನವರೊಬ್ಬರೇ. ನಾಲ್ಕು ಖಾನೆಗೆ ಕ್ರಮವಾಗಿ ಮೂರು, ಎರಡು, ಒಂದು, ಸೊನ್ನೆ ಅಂಕ; ನಾಲ್ಕೂ ತುಂಬದಿದ್ದರೆ ಮತ ಅಸಿಂಧು. ಬಯಲು ಉಳಿಯಲೆಂದು ಅರ್ಧಕ್ಕಿಂತ ಹೆಚ್ಚು ಮನೆಗಳು ಸಂಗಪ್ಪನವರನ್ನು ಮೊದಲು ಬರೆದವು. ಎರಡನೆಯ ಖಾನೆಗೆ ಆ ಮನೆಯವರ ಹೊರತು ಇನ್ಯಾರಿದ್ದರು? ಮುಖ ಗೊತ್ತಿದ್ದ ಬಾಲರಾಜುವನ್ನೇ ಬರೆದೆವು. ಅವರ ಕಡೆಯವರೋ ಸಂಗಪ್ಪನವರನ್ನು ಒಬ್ಬರೂ ತಪ್ಪದೆ ಕೊನೆಗೆ ತಳ್ಳಿ ಸೊನ್ನೆ ಕೊಟ್ಟರು. ನಮ್ಮ ಎರಡನೆಯ ಅಂಕಗಳೇ ನಮ್ಮ ಮೊದಲನೆಯವರನ್ನು ಕೆಡವಿದವು. ಇದನ್ನು ಗೆಲುವೆಂದು ಸಿಹಿ ಹಂಚಲು ಬಾಲರಾಜುವಿಗೆ ಮನಸ್ಸಾದರೂ ಹೇಗೆ ಬಂತು!

“ಒಂದೇ ಕುಕ್ಕರ್ ಅನ್ನ ತಿನ್ನೋರು ಮೂರು ಪಾರ್ಟಿನಾ?” ಎಂದು ಎದುರು ಮನೆಯ ಫಾಯಿಜಾ ಸಭೆಯಲ್ಲೇ ಸಿಡಿದಳು.

ಬಾಲರಾಜು ನಕ್ಕರು. “ಅವ್ರೇ ತಂದಿದ್ ರೂಲು ಕಣಮ್ಮಾ. ಸೋತ್ಮೇಲೆ ಆಟಾನೇ ಚೇಂಜಾ?”

ಸಂಗಪ್ಪನವರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡರು. “ರೂಲು ನಂದು, ತಪ್ಪೂ ನಂದು,” ಎಂದವರೇ ಕಾಲೆಳೆಯುತ್ತಾ ಹೊರಟುಹೋದರು.

ನಿಯಮವನ್ನು ಪ್ರೀತಿಸುವ ಇಂಥವರು ತಮ್ಮನ್ನು ಕೆಡವಿದ ನಿಯಮಕ್ಕೂ ಮೊದಲು ತಲೆಬಾಗುತ್ತಾರೆ, ಅದರ ಬಿರುಕು ಮುಚ್ಚುವ ಯೋಚನೆ ಆಮೇಲೆ. ಆ ಸೌಜನ್ಯವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುವವರು ಎಲ್ಲೆಲ್ಲೂ ಇರುತ್ತಾರೆ.

ನಿನ್ನೆ ಸಂಜೆ ಸಂಗಪ್ಪನವರು ನಮ್ಮ ಬಾಗಿಲಿಗೆ ಬಂದರು. ಬಯಲಿನ ಜಾರುಬಂಡೆ ಕೀಳುವುದಕ್ಕೆ ಮುಂಚೆ, ಭಾನುವಾರ, ವಿಶೇಷ ಸಭೆಯಿದೆ.

“ಕೂಡಿ ನಿಂತವ್ರೆಲ್ಲಾ ಒಂದ ಪಕ್ಷ. ಮೊದ್ಲು ಪಕ್ಷಕ್ಕ ಪಕ್ಷ ತೂಗ್ಲಿ, ಆಮ್ಯಾಲ ಗೆದ್ದ ಪಕ್ಷದಾಗಿನ ಮನಷಾನ್ನ ಆರಿಸೋಣು. ಹಂಗ ಇನ್ನೊಮ್ಮೆ ಚುನಾವಣಿ ಆಗ್ಲಿ. ನಾಳೆ ಫಾಯಿಜಾ ನನ್ನ ಜೋಡಿ ನಿಂತ್ರ ನಮ್ಮಿಬ್ರನ್ನೂ ಒಂದ ಅಂತ ಎಣಸ್ರಿ.” ರಕ್ಷಾಳ ತಲೆ ಸವರಿ, ನನ್ನ ಮುಖ ನೋಡದೆ ಮುಂದುವರಿಸಿದರು: “ನಾ ಸೋತಾಂವ. ನಾ ಅಂದ್ರ ಹೊಟ್ಟಿಕಿಚ್ಚು ಅಂತಾರ. ಈ ಮಾತು ನೀವು ಎತ್ತತೀರೇನವಾ?”