ಮಿಡತೆ ಹೆಕ್ಕುವವಳು

ಬೀನ್ಸ್ ಬಳ್ಳಿಯ ಮೂರನೆಯ ಸಾಲಿನಲ್ಲಿ ಬಗ್ಗಿ, ಎಲೆಯ ಅಡಿಯಲ್ಲಿ ಕೂತಿದ್ದ ಮಿಡತೆಯನ್ನು ಕಾಜಮ್ಮ ಎರಡು ಬೆರಳಲ್ಲಿ ಹಿಡಿದಾಗ ಮಗಳು ಹಿಂಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ಇವತ್ತೂನಾ?"

"ಇವತ್ತೇನು ಅಂತ ಅವಕ್ಕೆ ಗೊತ್ತಾ?" ಎಂದಳು ಕಾಜಮ್ಮ. ಮಿಡತೆ ಬೆರಳಿಗೆ ಕಂದು ಎಂಜಲು ಬಿಟ್ಟಿತು. ಅದನ್ನು ಸೋಪಿನ ನೀರಿನ ಬಕೆಟ್ಟಿಗೆ ಹಾಕಿ ಮುಂದಿನ ಎಲೆ ಮಗುಚಿದಳು. "ಬಿಸಿಲೇರಿದ್ರೆ ಕೈಗೆ ಸಿಗಲ್ಲ. ಈಗ ರೆಕ್ಕೆ ಒದ್ದೆ ಇರುತ್ತೆ, ಹಾರೋಕಾಗಲ್ಲ. ಇನ್ನೆರಡು ಸಾಲು ಅಷ್ಟೇ."

"ಜನ ಬರ್ತಿದಾರೆ. ಅತ್ತೆ ಆಗಲೇ ಎರಡು ಸಲ ಕೇಳಿದ್ರು, ನಿಮ್ಮಮ್ಮ ಎಲ್ಲಿ ಅಂತ."

"ಇಲ್ಲೇ ಇದಾಳೆ ಅಂತ ಹೇಳು."

ಮನೆಯ ಮುಂದಿನ ಕೋಣೆಯೇ ಟೈಲರ್ ಅಂಗಡಿ. ನಲವತ್ತು ವರ್ಷ ಟೈಲರ್ ಯಾವ ಉದ್ದನೆಯ ಮೇಜಿನ ಮೇಲೆ ಬಟ್ಟೆ ಕತ್ತರಿಸಿದ್ದನೋ ಅದರ ಮೇಲೆಯೇ ಈಗ ಶವಪೆಟ್ಟಿಗೆಯಲ್ಲಿ ಅವನನ್ನು ಮಲಗಿಸಿದ್ದರು. ಹೊಲಿಗೆ ಯಂತ್ರವನ್ನು ಗೋಡೆಗೆ ತಳ್ಳಿ, ಬಂದವರಿಗೆ ಕುರ್ಚಿ ಹಾಕಿದ್ದರು. ಅವನು ಹೊಲಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವುದು ಹೆಂಡತಿಯ ಕೆಲಸ. ಹಾಗಾಗಿ ಬೀದಿಯವರೆಲ್ಲ ಅವಳನ್ನು ಕಾಜಮ್ಮ ಎಂದು ಕರೆದೂ ಕರೆದೂ, ಅವಳ ನಿಜವಾದ ಹೆಸರು ಅವಳಿಗೇ ಬೇರೆ ಯಾರದೋ ಅನ್ನಿಸುವಂತೆ ಮಾಡಿಬಿಟ್ಟಿದ್ದರು.

ಅವಳು ಕೈ ಒರೆಸಿಕೊಂಡು ಒಳಗೆ ಬಂದಾಗ ಅಂಚೆಯವನು ಟೈಲರ್ ಹೊಲಿದುಕೊಟ್ಟ ತನ್ನ ಮದುವೆ ಸೂಟಿನ ಕತೆ ಹೇಳುತ್ತಿದ್ದ.

"ತೊಟ್ಟು ನೋಡಿದ್ರೆ ಉಸಿರಾಡೋಕಾಗಲ್ಲ. ಅಳತೆ ತಪ್ಪಿದೆ ಅಂದೆ. 'ಅಳತೆ ತಪ್ಪಿಲ್ಲ, ಮದುವೆ ಖುಷಿಗೆ ನೀವೇ ಊದಿಕೊಂಡಿದೀರಿ' ಅಂದುಬಿಟ್ರು! ನಾನೂ ಇದ್ರೂ ಇರಬಹುದು ಅಂತ ಒಂದು ವಾರ ರಾತ್ರಿ ಊಟ ಬಿಟ್ಟೆ."

ಸಾವಿನ ಮನೆ ಅನ್ನುವುದನ್ನು ಮರೆತು ಎಲ್ಲರೂ ನಕ್ಕರು, ನೆನಪಾಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಟೈಲರ್ ತನ್ನ ಆಯುಸ್ಸಿನಲ್ಲಿ 'ತಪ್ಪಾಯ್ತು' ಅಂದದ್ದನ್ನು ಕೇಳಿದವರು ಅಲ್ಲಿ ಯಾರೂ ಇರಲಿಲ್ಲ. ವರ್ಷಕ್ಕೊಂದು ಅಂಗಿ ಹೊಲಿಸುವವರಿಗೆ ಅದೊಂದು ತಮಾಷೆ. ದಿನಾ ಒಂದೇ ಸೂರಿನಡಿ ಬದುಕುವವಳಿಗೆ ಅದು ತಮಾಷೆಯಾಗಿ ಉಳಿಯುವುದಿಲ್ಲ, ಆದರೆ ಅದನ್ನು ಯಾರೂ ಕೇಳುವುದೂ ಇಲ್ಲ.

ಟೈಲರನ ತಂಗಿ ಕುರ್ಚಿ ಬಿಟ್ಟು ಎದ್ದು ಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ನಾಲಿಗೆ ಮಾತ್ರ ಎಂದಿನಂತೆಯೇ ಇತ್ತು.

"ಏನತ್ತಿಗೆ ಇದು, ಅಣ್ಣ ಇಲ್ಲಿ ಮಲಗಿರೋವಾಗ ಮಿಡತೆ ಹಿಡೀತಾ ಕೂತಿದೀರಲ್ಲ. ನೋಡಿದವರು ಏನಂದ್ಕೋತಾರೆ?" ಅವಳು ದನಿ ತಗ್ಗಿಸಿದಳು, ಎಲ್ಲರಿಗೂ ಕೇಳಿಸುವಷ್ಟು. "ಅಲ್ಲ, ಆ ಕೋಳಿಗಳು ಇದ್ದಿದ್ರೆ ನಿಮಗೆ ಈ ಕೆಲಸ ಎಲ್ಲಿರ್ತಿತ್ತು ಹೇಳಿ."

ಕಾಜಮ್ಮ ಗಂಡನ ಅಂಗಿಯ ಕಾಲರ್ ಸರಿಮಾಡಿದಳು. ಕೋಳಿಯ ಮಾತು ಇವತ್ತಾದರೂ ಬರಲಿಕ್ಕಿಲ್ಲ ಅಂದುಕೊಂಡಿದ್ದಳು.

*

ಹನ್ನೊಂದು ವರ್ಷದ ಹಿಂದೆ ಆ ಮನೆಯಲ್ಲಿ ಆರು ಕೋಳಿಗಳಿದ್ದವು. ಕತ್ತರಿ, ಬಾಬಿನ್, ಕಾಲರ್, ಜೇಬು, ಸೂಜಿ, ಟೇಪು. ಹೆಂಡತಿಯನ್ನು 'ಏಯ್' ಎಂದು ಕರೆಯುವ ಟೈಲರ್ ಕೋಳಿಗಳನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದ. ಬೆಳಕು ಹರಿಯುವ ಹೊತ್ತಿಗೆ ಗೂಡಿನ ಬಾಗಿಲು ತೆಗೆದರೆ ಅವು ಸಾಲಾಗಿ ಅವನ ಹಿಂದೆ ನಡೆದು ತೋಟಕ್ಕಿಳಿಯುತ್ತಿದ್ದವು. ಮಣ್ಣು ಕೆದಕಿ ಮಿಡತೆಯ ಮೊಟ್ಟೆ, ಬಳ್ಳಿಗೆ ಹಾರಿ ಮಿಡತೆ, ಏನೂ ಬಿಡುತ್ತಿರಲಿಲ್ಲ.

ಪಕ್ಕದ ಮನೆ ಬಸ್ ಡ್ರೈವರನದು. ಎರಡೂ ತೋಟದ ನಡುವಿನ ಗೋಡೆಯಲ್ಲಿ ಎರಡು ಕಲ್ಲು ತೆಗೆದು ಕೋಳಿ ನುಸುಳುವಷ್ಟು ಸಂದು ಮಾಡಿಕೊಂಡಿದ್ದರು. ಕೋಳಿ ಟೈಲರನದು, ಗೋಡೆ ಡ್ರೈವರನದು, ಮಿಡತೆ ಇಬ್ಬರದೂ ಎಂದು ಗೆಳೆಯರಿಬ್ಬರೂ ನಗುತ್ತಿದ್ದರು. ಒಂದೇ ಕರಾರು: ಯಾರೂ ಗಿಡಕ್ಕೆ ವಿಷ ಹೊಡೆಯಬಾರದು.

ಆ ವರ್ಷ ಹಿಂದಿನ ಖಾಲಿ ಜಾಗದಲ್ಲಿ ಕಟ್ಟಡ ಎಬ್ಬಿಸುತ್ತೇವೆಂದು ಎದೆಯೆತ್ತರದ ಹುಲ್ಲನ್ನೆಲ್ಲ ಒಂದೇ ದಿನ ಕೊಯ್ದು ಹಾಕಿದರು. ಅಲ್ಲಿದ್ದ ಮಿಡತೆಗಳೆಲ್ಲ ಹಸಿದುಕೊಂಡು ಎರಡೂ ತೋಟಕ್ಕೆ ನುಗ್ಗಿದವು. ಕೋಳಿಗಳು ತಿಂದು ತಿಂದು ಸೋತವು.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ಬಾಗಿಲು ತೆಗೆದರೆ ಆರೂ ಸತ್ತು ಬಿದ್ದಿದ್ದವು. ಬಾಬಿನ್ ನೀರಿನ ಬಟ್ಟಲಿನೊಳಗೆ ಕೊಕ್ಕಿಟ್ಟುಕೊಂಡೇ ಸತ್ತಿತ್ತು.

ಕಾಜಮ್ಮ ತಾನಾಗಿಯೇ ಬಾಯಿ ಬಿಟ್ಟಳು. "ನಿನ್ನೆ ಡಬ್ಬಿ ತಳದ ನುಚ್ಚು ಹಾಕಿದ್ದೆ. ಸ್ವಲ್ಪ ಮುಗ್ಗಲು ವಾಸನೆ ಇತ್ತು. ಕೋಳಿಗೆ ಏನಾಗುತ್ತೆ ಅಂತ..."

ಟೈಲರ್ ಬಾಬಿನ್‌ನನ್ನು ಎತ್ತಿಕೊಂಡು ಮುಂಬಾಗಿಲಿಗೆ ಹೋಗಿ, ಇಡೀ ಬೀದಿಗೆ ಕೇಳಿಸುವಂತೆ ಹೇಳಿದ: "ನೀನೇ ಕೊಂದೆ. ಆರು ಜೀವ. ನೀನೇ ಕೊಂದೆ."

ಅವತ್ತಿಡೀ ಅವಳು ಏನೂ ತಿನ್ನಲಿಲ್ಲ. ರಾತ್ರಿ ದೀಪ ಹಾಕುವ ಹೊತ್ತಿಗೂ ಗೂಡು ತಿಕ್ಕುತ್ತ ಕೂತಿದ್ದಳು. ಅವನು ಬಂದು ಸ್ವಲ್ಪ ಹೊತ್ತು ಅವಳ ಹಿಂದೆ ನಿಂತಿದ್ದ. ಏನೋ ಹೇಳುತ್ತಾನೆ ಅನ್ನಿಸಿತ್ತು. "ಮೂಲೇನೂ ತಿಕ್ಕು" ಎಂದು ಹೇಳಿ ಒಳಗೆ ಹೋದ. ಆಮೇಲೆ ಹನ್ನೆರಡು ದಿನ ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಬಕೆಟ್ಟಿಗೆ ಸೋಪಿನ ನೀರು ಕಲಸಿ ತೋಟಕ್ಕಿಳಿದಳು. ಮಾಡು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಮಳೆಯಿರಲಿ, ಮಂಡಿ ನೋವಿರಲಿ, ಮಿಡತೆ ಇರುವ ತಿಂಗಳುಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಕಿಟಕಿಯ ಪಕ್ಕ ಕೂತು ಟೈಲರ್ ಯಂತ್ರ ತುಳಿಯುತ್ತಿದ್ದ. ಅವಳು ಬಗ್ಗುವುದು, ಏಳುವುದು ಅವನಿಗೆ ಅಲ್ಲಿಂದ ಚೆನ್ನಾಗಿ ಕಾಣಿಸುತ್ತಿತ್ತು.

*

ಹೋದ ತಿಂಗಳು ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಾಗ ಅವಳು ಹಾಸಿಗೆಯ ಪಕ್ಕ ಕೂತು, ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದ್ದಳು.

"ಕ್ಷಮಿಸಿದೀನಿ ಅಂತ ಒಂದೇ ಒಂದು ಸಲ ಹೇಳಿಬಿಡಿ. ಆ ಕೋಳಿ ವಿಷಯ ಮನಸ್ಸಿನಲ್ಲಿಟ್ಕೊಂಡು ಹೋಗಬೇಡಿ."

ಟೈಲರ್ ಕಣ್ಣು ಮುಚ್ಚಿ ಮಲಗಿದ್ದ. ಕಣ್ಣು ತೆರೆಯದೆಯೇ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಹೋಗಲಿ ಬಿಡು. ಕ್ಷಮಿಸಿದೀನಿ."

ಅವಳು ಆ ಕೈಯ ಮೇಲೆ ಮುಖವಿಟ್ಟು ಅತ್ತಳು. ಮದುವೆಯಾದಾಗಿನಿಂದ ಅವನು ಅಷ್ಟು ಮೆದುವಾಗಿ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಆ ಒಂದು ಮಾತಿನ ಮೇಲೆ ಉಳಿದ ದಿನಗಳನ್ನು ಕಳೆಯಬಹುದು ಅಂದುಕೊಂಡಿದ್ದಳು.

*

ಹೆಣ ಒಯ್ಯುವ ವ್ಯಾನು ಹನ್ನೊಂದಕ್ಕೆ ಬರುವುದಿತ್ತು. ಹತ್ತರ ಸುಮಾರಿಗೆ ಕಾಜಮ್ಮ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಡ್ರೈವರ್ ಬಂದ. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಬೀದಿಯವರಿಗೆ ಅವನು ಡ್ರೈವರೇ.

"ಅಕ್ಕಾ, ನಿಮ್ಮ ಹತ್ರ ಒಂದು ಮಾತು."

"ಹೇಳಿ ಡ್ರೈವರೇ. ಕಾಫಿ ಕೊಟ್ರಾ ನಿಮಗೆ?"

"ಅದೆಲ್ಲ ಆಯ್ತು." ಅವನು ಒಳಗಿನವರ ಕಡೆ ಒಮ್ಮೆ ತಿರುಗಿ ನೋಡಿದ. "ಇವತ್ತು ಹೇಳದಿದ್ರೆ ಇನ್ಯಾವತ್ತೂ ಹೇಳಲ್ಲ. ನಿಮ್ಮಂಥ ದೊಡ್ಡ ಮನಸ್ಸು ನಾನು ಎಲ್ಲೂ ನೋಡಿಲ್ಲ ಅಕ್ಕಾ. ನಾನು ಮಾಡಿದ್ದನ್ನ ನಿಮ್ಮ ಮೈಮೇಲೆ ಹಾಕ್ಕೊಂಡು, ಜನ ಏನಂದ್ರೂ ನನ್ನ ಕಡೆ ಬೆರಳು ತೋರಿಸಲಿಲ್ಲ ನೀವು."

ಕಾಜಮ್ಮನ ಕೈ ನಲ್ಲಿಯ ಕೆಳಗೇ ನಿಂತಿತು.

"ಏನು ಮಾಡಿದ್ರಿ ನೀವು?"

ಅವನು ಮೊದಲು ನಕ್ಕ, ಅವಳು ಬೇಕೆಂದೇ ಹಾಗೆ ಕೇಳುತ್ತಿದ್ದಾಳೆ ಅಂದುಕೊಂಡು. ಆಮೇಲೆ ಅವಳ ಮುಖ ನೋಡಿದ.

"ಟೈಲರ್ ಹೇಳಿದ್ರಲ್ಲ ನಿಮಗೆ... ಆ ಕೋಳಿ. ಔಷಧಿ ಹೊಡೆದಿದ್ದು ನಾನು. ಮಿಡತೆ ಇಡೀ ಕೋಸಿನ ಮಡಿಯನ್ನ ಜರಡಿ ಮಾಡಿದ್ವು, ತಲೆ ಕೆಟ್ಟುಹೋಗಿತ್ತು. ಗೋಡೆ ಸಂದಿಗೆ ಹಲಗೆ ಅಡ್ಡ ಇಡೋದು ಮರೆತೆ. ಔಷಧಿ ಬಿದ್ದ ಮಿಡತೆಗಳು ಹಾರೋಕಾಗದೆ ನೆಲದ ಮೇಲೆ ತೂರಾಡ್ತಿದ್ವು. ಕೋಳಿಗಳು ಬಂದು ಹೊಟ್ಟೆ ತುಂಬ ತಿಂದುಬಿಟ್ವು."

"ಅವರಿಗೆ ಗೊತ್ತಿತ್ತಾ?"

"ಕೋಳಿ ಸತ್ತ ದಿನ ಸಾಯಂಕಾಲವೇ ಹೇಳ್ದೆ. ಕಾಲಿಗೆ ಬೀಳೋದೊಂದು ಬಾಕಿ. 'ಆಯ್ತು, ಅವಳಿಗೆ ನಾನು ಹೇಳ್ತೀನಿ' ಅಂದ್ರು. ಮಾರನೇ ದಿನ ಗೋಡೆ ಹತ್ರ ಕರೆದು, 'ಹೇಳಾಯ್ತು. ಎರಡು ಮನೆ ಮಧ್ಯೆ ಜಗಳ ಬೇಡ, ಬಯ್ಯೋರು ನನ್ನನ್ನೇ ಬಯ್ಯಲಿ ಅಂದ್ಲು' ಅಂದ್ರು."

"ನಾನು ಹಾಗಂದೆನಾ?"

"ಹಾಗಂತ ಅವರು..."

ಸಾಯಂಕಾಲವೇ. ಅಂದರೆ ಅವಳು ಗೂಡು ತಿಕ್ಕುತ್ತಿದ್ದಾಗ ಅವನಿಗೆ ಗೊತ್ತಿತ್ತು. ಮೂಲೇನೂ ತಿಕ್ಕು ಅಂದಾಗ ಗೊತ್ತಿತ್ತು. ಹನ್ನೊಂದು ವರ್ಷ ಕಿಟಕಿಯಿಂದ ನೋಡುತ್ತಿದ್ದಾಗಲೂ ಗೊತ್ತಿತ್ತು. ಬೀದಿಗೆ ನಿಂತು ಕೂಗಿದ ಮಾತನ್ನು ವಾಪಸು ತೆಗೆದುಕೊಳ್ಳಲಾರದೆ, ಅವಳ ಹೆಸರಿನಲ್ಲಿ ಅವಳು ಆಡದ ಮಾತೊಂದನ್ನು ಹೊಲಿದು ಗೆಳೆಯನಿಗೆ ತೊಡಿಸಿ ಕಳಿಸಿದ್ದ. ಕೊನೆಗೆ ಸಾಯುವ ಹಾಸಿಗೆಯಲ್ಲಿ ಅವಳ ಕೈ ಹಿಡಿದು, ಅವಳು ಮಾಡದ ತಪ್ಪನ್ನು ಕ್ಷಮಿಸಿಯೂ ಬಿಟ್ಟಿದ್ದ. ಅಳು ಬರುತ್ತದೆ ಅಂದುಕೊಂಡಳು, ಬರಲಿಲ್ಲ. ಮೋಸ ಅನ್ನುವ ಪದ ಸಣ್ಣದಾಯಿತು ಅನ್ನಿಸಿತು.

"ಒಳಗೆ ಬನ್ನಿ" ಎಂದಳು. "ನನಗೆ ಹೇಳಿದ್ದನ್ನ ಎಲ್ಲರ ಎದುರಿಗೂ ಹೇಳಿ. ನನ್ನ ನಾದಿನಿ ಎದುರಿಗೆ ಹೇಳಿ."

"ಇವತ್ತು ಬೇಡ ಅಕ್ಕಾ." ಡ್ರೈವರ್ ಗಾಬರಿಯಾದ. "ಅವರಿನ್ನೂ ಮನೆಯಲ್ಲೇ ಇದಾರೆ. ಸತ್ತವರ ಮರ್ಯಾದೆ..."

"ಬದುಕಿರೋಳದು?"

"ಆಮೇಲೆ ಹೇಳ್ತೀನಿ. ನಿಧಾನವಾಗಿ, ಒಬ್ಬೊಬ್ಬರಿಗೇ."

"ಅವರೂ ಆಮೇಲೆ ಹೇಳ್ತೀನಿ ಅಂದ್ಕೊಂಡೇ ಹೋದ್ರು ಅನ್ಸುತ್ತೆ" ಎಂದು ಹೇಳಿ ಕಾಜಮ್ಮ ನಲ್ಲಿ ನಿಲ್ಲಿಸಿದಳು.

*

ವ್ಯಾನು ಬಂತು. ಆರು ಜನ ಸೇರಿ ಪೆಟ್ಟಿಗೆಯನ್ನು ಬಾಗಿಲಲ್ಲಿ ಓರೆಯಾಗಿ ತಿರುಗಿಸಿ ಹೊರಗೆ ತಂದರು. ವ್ಯಾನಿನೊಳಗೆ ತಳ್ಳುವ ಮುಂಚೆ ಮುಖ ನೋಡುವವರು ನೋಡಲಿ ಎಂದು ಸ್ವಲ್ಪ ಹೊತ್ತು ಸ್ಟೂಲುಗಳ ಮೇಲೆ ಇಟ್ಟರು. ಯಾರೋ ಕಾಜಮ್ಮನ ಕೈಗೆ ಬಿಳಿ ಹೂವಿನ ಗೊಂಚಲು ಕೊಟ್ಟರು.

ನಾದಿನಿ ಅವಳ ತೋಳು ಹಿಡಿದು ಮುಂದೆ ತಂದಳು. "ಅತ್ತಿಗೆ, ಕೊನೇ ಸಲ. ಏನಾದ್ರೂ ತಪ್ಪು ನಡೆದಿದ್ರೆ ಮನ್ನಿಸಿ ಅಂತ ಹೇಳಿಬಿಡಿ. ಮನಸ್ಸು ಹಗುರ ಆಗುತ್ತೆ."

ಕಾಜಮ್ಮ ಗಂಡನ ಮುಖ ನೋಡಿದಳು. ಅದು ಎಂದಿನ ಮುಖವೇ, ಅಳತೆ ತಪ್ಪದವನ ಮುಖ.

"ಕೋಳಿಗಳನ್ನ ನಾನು ಕೊಂದಿಲ್ಲ" ಎಂದಳು, ಗಟ್ಟಿಯಾಗಿ.

ಮಗಳು "ಅಮ್ಮಾ" ಎಂದು ಹತ್ತಿರ ಬಂದಳು. ನಾದಿನಿಗೆ ಮಾತ್ರ ದುಃಖ ಒತ್ತರಿಸಿ ಬಂತು. ಅತ್ತಿಗೆಯನ್ನು ತಬ್ಬಿಕೊಂಡಳು.

"ಅಯ್ಯೋ, ಇನ್ನೂ ಅದೇ ಕೊರಗಾ ನಿಮಗೆ? ಅಣ್ಣ ಕ್ಷಮಿಸಿದ್ನಲ್ಲ! ಹೋದ ತಿಂಗಳು ನನಗೆ ಫೋನ್ ಮಾಡಿಸಿ ಹೇಳಿದ್ದ, 'ಪಾಪ, ಅತ್ತುಬಿಟ್ಲು ಕಣೇ, ಹೋಗಲಿ ಅಂತ ಕ್ಷಮಿಸಿದೆ' ಅಂತ."

"ದೊಡ್ಡ ಮನುಷ್ಯ" ಎಂದು ಅಂಚೆಯವನು ಕಣ್ಣೊರೆಸಿಕೊಂಡ. ಸುತ್ತ ನಿಂತವರು ತಲೆಯಾಡಿಸಿದರು.

ಕಾಜಮ್ಮ ನಾದಿನಿಯ ಹೆಗಲಾಚೆ ಡ್ರೈವರನನ್ನು ನೋಡಿದಳು. ಅವನ ಒಂದು ಮಾತು ಸಾಕಿತ್ತು. ಅವನು ತನ್ನ ಬೂಟಿನ ದಾರ ನೋಡುತ್ತಿದ್ದ. ಅವಳು ಕಾದಳು. ಅವನು ತಲೆಯೆತ್ತಲಿಲ್ಲ.

ಪೆಟ್ಟಿಗೆ ಒಳಗೆ ಹೋಯಿತು. "ಹಿಂದೆ ಒಬ್ಬರಿಗೆ ಸೀಟಿದೆ" ಎಂದ ವ್ಯಾನಿನವನು. "ಹೆಂಡತಿಯವರು ಹತ್ತಿ. ಉಳಿದವರು ಕಾರಿನಲ್ಲಿ ಬನ್ನಿ."

ಕಾಜಮ್ಮ ಜನರನ್ನು ದಾಟಿ ಡ್ರೈವರನ ಬಳಿ ಹೋಗಿ ಹೂವಿನ ಗೊಂಚಲನ್ನು ಅವನ ಕೈಗಿಟ್ಟಳು.

"ನೀವು ಹತ್ತಿ."

"ನಾನಾ? ಅಕ್ಕಾ, ಅದು ನಿಮ್ಮ ಜಾಗ."

"ಅವರ ಗುಟ್ಟು ಕಾಯೋರು ಪಕ್ಕದಲ್ಲಿರಲಿ. ಹತ್ತಿ."

ದುಃಖದಲ್ಲಿ ಏನೋ ಆಡುತ್ತಿದ್ದಾಳೆ ಎಂದು ಯಾರೂ ತಡೆಯಲಿಲ್ಲ. ಡ್ರೈವರ್ ಹತ್ತಿದ. ಮೂವತ್ತು ವರ್ಷ ಬಸ್ಸಿನ ಮುಂದೆ ಕೂತು ಓಡಿಸಿದವನಿಗೆ ಹಿಂದಿನ ಆ ಮೋಟು ಸೀಟಿನಲ್ಲಿ ಕಾಲಿಡಲು ಜಾಗ ಸಾಲದೆ, ಮಂಡಿ ಪೆಟ್ಟಿಗೆಗೆ ಒತ್ತಿತು. ಬಾಗಿಲು ಹಾಕಿದರು. ವ್ಯಾನು ಬೀದಿಯ ತಿರುವಿನಲ್ಲಿ ನಿಧಾನಿಸಿದಾಗ ಅವನು ಹಿಂದಿನ ಗಾಜಿಗೆ ಮುಖ ಹತ್ತಿರ ತಂದು, ಗೇಟಿನಲ್ಲಿ ನಿಂತಿದ್ದವರ ಕಡೆ ತಿರುಗಿ, ಒಂದು ಕೈಯಿಂದ ತನ್ನ ಎದೆ ತೋರಿಸಿಕೊಳ್ಳುತ್ತ, ಬಾಯಿ ದೊಡ್ಡದಾಗಿ ತೆರೆದು ಏನೋ ಹೇಳತೊಡಗಿದ. ಇನ್ನೊಂದು ಕೈಯಲ್ಲಿದ್ದ ಹೂವು ಗಾಜಿಗೆ ಅಪ್ಪಳಿಸುತ್ತಿತ್ತು. ಬೀದಿಯಲ್ಲಿ ನಿಂತ ಯಾರಿಗೂ ಒಂದು ಅಕ್ಷರವೂ ಕೇಳಿಸಲಿಲ್ಲ.