ಎತ್ತಿದ ಕೈ

“ಮೈದಾನದಾಗ ಗಾದಿಲಿಂಗಣ್ಣ ಕೈ ಎತ್ತಿದ್ರ ಮೂರು ಸಾವಿರ ಮಂದಿ ಬಾಯಿ ಮುಚ್ಚತಾರ, ಮನಿಯಾಗ ಎತ್ತಿದ್ರ ಹಂಪಮ್ಮ ಒಬ್ಬಾಕಿ ಮುಚ್ಚಂಗಿಲ್ಲ,” ಎಂದು ಪಕ್ಕದ ಮನೆಯ ಚೌಡಕ್ಕ ನಲ್ಲಿಯ ಮುಂದೆ ಹೇಳಿದಾಗಲೆಲ್ಲ ಹರಪನಹಳ್ಳಿಯ ಆ ಓಣಿ ನಗುತ್ತಿತ್ತು. ಆತನ ಹೆಂಡತಿ ಹಂಪಮ್ಮನೂ ನಗುತ್ತಿದ್ದಳು, ಕೊಡ ತುಂಬುವವರೆಗೆ.

ಇಪ್ಪತ್ತೆರಡು ವರ್ಷ ಹತ್ತಿ ಜಿನ್ನಿನ ಗದ್ದಲದಲ್ಲಿ ನಿಂತು ಎಡಗಿವಿಯನ್ನು ಅಲ್ಲಿಯೇ ಬಿಟ್ಟುಬಂದಿದ್ದ ಗಾದಿಲಿಂಗಪ್ಪ, ಬಲಗಿವಿಯನ್ನು ಮುಂದೆ ಚಾಚಿ, ಯಾರದೋ ಗುಟ್ಟು ಕೇಳಿಸಿಕೊಳ್ಳಲು ಹೊರಟವನಂತೆ ಓರೆಯಾಗಿ ನಡೆಯುತ್ತಿದ್ದ. ಮೈಮೇಲೆ ಮಳೆಯೆನ್ನದೆ ಬಿಸಿಲೆನ್ನದೆ ಒಂದು ಖಾಕಿ ಕೋಟು. ಅದರ ಹೊಲಿಗೆಯ ಸಂದಿಗಳಲ್ಲಿ ಸದಾ ಹತ್ತಿಯ ಎಳೆ. ಹೆಗಲ ಮೇಲೆ ಕೆಂಪಂಚಿನ ಬಿಳಿ ಟವಲ್. ಫುಟ್‌ಬಾಲನ್ನು ಆತ ಒಂದು ದಿನವೂ ಒದ್ದವನಲ್ಲ. ಆದರೂ ಆತನಿಲ್ಲದೆ ಊರಿನಲ್ಲಿ ಪೆನಾಲ್ಟಿ ನಡೆಯುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಎಪ್ಪತ್ತೊಂದರಲ್ಲೋ ಎಪ್ಪತ್ತೆರಡರಲ್ಲೋ ಕೊಟ್ಟೂರಿನ ಕಡೆಯವರು ಗೋಲಿನ ಹಿಂದೆ ಹಲಗೆ ಬಾರಿಸಿ ನಮ್ಮವನ ಪೆನಾಲ್ಟಿ ಕೆಡಿಸಿದರು; ಮರುವರ್ಷ ನಮ್ಮವರು ಡಬ್ಬ ಬಡಿದು ಸೇಡು ತೀರಿಸಿಕೊಂಡರು; ಅದರ ಮರುವರ್ಷ ಕಲ್ಲು ಬಿದ್ದವು. ಕೊನೆಗೆ ಎರಡೂ ಊರಿನ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಪೆನಾಲ್ಟಿಗೆ ಚೆಂಡಿಟ್ಟ ಮೇಲೆ ಹಲಗೆ, ಶಿಳ್ಳೆ, ಬೈಗುಳ ಯಾವುದೂ ಕೂಡದು. ಒಬ್ಬ ಟವಲ್ ಹಿಡಿದು ಕೈ ಎತ್ತಬೇಕು, ಸದ್ದು ಪೂರಾ ಅಡಗಿದಾಗ ಇಳಿಸಬೇಕು, ಆಮೇಲೆ ರೆಫರಿ ಸೀಟಿ ಊದಬೇಕು. ಯಾರ ಕೈ ಎಂಬ ಮಾತು ಬಂದಾಗ, ಅರೆಗಿವುಡನಾದರೆ ನಮ್ಮ ಬೈಗುಳವೂ ಅರ್ಧವೇ ಕೇಳುತ್ತದೆ ಎಂದು ಯಾರೋ ಗಾದಿಲಿಂಗಪ್ಪನನ್ನು ತೋರಿಸಿದರು. ನಗೆಚಾಟಿಕೆಗೆ ಕೊಟ್ಟದ್ದನ್ನು ಆತ ವ್ರತವಾಗಿ ಸ್ವೀಕರಿಸಿದ. ಯಾರಾದರೂ ಕೆಮ್ಮಿದರೆ, ಕೆಮ್ಮು ನಿಲ್ಲುವವರೆಗೆ ಟವಲ್ ಇಳಿಯುತ್ತಿರಲಿಲ್ಲ. ಬರಬರುತ್ತ ಊರಿನ ರೆಫರಿಯ ಸೀಟಿಯೂ ಟವಲಿನ ಜೊತೆಗೇ ಬೀಳತೊಡಗಿತು. ನಮ್ಮ ಆಟಗಾರರು ಸೀಟಿಗೆ ಕಾಯುವುದನ್ನೇ ಮರೆತು, ಟವಲ್ ನೋಡಿ ಒದೆಯುವುದನ್ನು ರೂಢಿಸಿಕೊಂಡರು.

ಎಂಬತ್ಮೂರರ ಫೈನಲಿಗೆ ರೆಫರಿ ಹೊರಗಿನಿಂದ ಬಂದ. ಕೊನೆಯ ನಿಮಿಷ, ಒಂದು ಗೋಲಿನಿಂದ ಹಿಂದಿದ್ದೆವು, ಪೆನಾಲ್ಟಿ ಸಿಕ್ಕಿತು. ಸೈಕಲ್ ಶಾಪಿನ ಪಕ್ಕೀರಪ್ಪ ಚೆಂಡಿನ ಮುಂದೆ ನಿಂತ. ಕೊಟ್ಟೂರಿನ ಗೋಲ್‌ಕೀಪರ್ ಗೆರೆ ದಾಟಿ ಮುಂದೆ ಬರುವುದು, ರೆಫರಿ ಹಿಂದೆ ಕಳಿಸುವುದು, ಮತ್ತೆ ಬರುವುದು, ಮತ್ತೆ ಕಳಿಸುವುದು. ಅಷ್ಟೂ ಹೊತ್ತು ಟವಲ್ ಮೇಲೆಯೇ ಇತ್ತು. ಆಮೇಲೆ ಇಳಿಯಿತು. ಪಕ್ಕೀರಪ್ಪ ಒದ್ದ, ಚೆಂಡು ಬಲೆಯಲ್ಲಿತ್ತು. ರೆಫರಿ ಇನ್ನೂ ಸೀಟಿ ಊದಿರಲಿಲ್ಲ. ಮತ್ತೊಮ್ಮೆ ಒದೆಯಿರಿ ಎಂದ. ಎರಡನೆಯದು ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಮಂಜಣ್ಣನ ಚಹದಂಗಡಿಯಲ್ಲಿ ಆ ಪೆನಾಲ್ಟಿ ಮೂರು ವರ್ಷ ನಡೆಯಿತು.

“ಸೀಟಿ ಇಲ್ಲದ ಗೋಲು ತಾಳಿ ಇಲ್ಲದ ಮದುವಿ,” ಎನ್ನುತ್ತಿದ್ದ ಮಂಜಣ್ಣ.

“ನಿನ್ನ ಚಾದಾಗ ಸಕ್ರಿ ಇಲ್ಲ, ಅದನ್ನ ಚಾ ಅಂತ ಕುಡೀತೀವಿಲ್ಲಲೇ?” ಎನ್ನುತ್ತಿದ್ದ ದುರುಗಣ್ಣ. “ತಪ್ಪು ಪಕ್ಕೀರಂದು. ಅವ ಅವಸರದ ಮಗ.”

ಆ ವರ್ಷದಿಂದ ಪಕ್ಕೀರಪ್ಪ ಬೂಟು ತೊಡಲಿಲ್ಲ. ಗಾದಿಲಿಂಗಪ್ಪ ಮೂಲೆಯ ಬೆಂಚಿನಲ್ಲಿ ಬಲಗಿವಿಯನ್ನು ಗೋಡೆಗೆ ಆನಿಸಿಕೊಂಡು ಕೂರತೊಡಗಿದ. ಆತ ಸತ್ಯ ಹೇಳಿದ್ದು ಹಂಪಮ್ಮನೊಬ್ಬಳಿಗೇ: ಅಂದು ಆತ ಟವಲ್ ಇಳಿಸಿರಲಿಲ್ಲ, ಕೈಯೇ ಸೋತು ಬಿದ್ದಿತ್ತು.

“ಆ ಹುಡುಗಗ ಹೇಳಿಬಿಡ್ರಿ,” ಎಂದು ಅವಳು ಎಷ್ಟು ಸಲ ಅಂದಿದ್ದಳೋ.

“ಹೇಳಿದ್ರ ನಾಳಿ ನನ್ನ ಕೈ ಯಾರು ನೋಡ್ತಾರ?”

ಮುಂದಿನ ವರ್ಷಗಳಲ್ಲೂ ಆತ ಕೈ ಎತ್ತಿದ, ಎಡಗೈಯನ್ನು ಬಲ ಮೊಣಕೈಗೆ ಊರುಗೋಲಾಗಿ ಕೊಟ್ಟು. ಜಿನ್ನಿನ ಧೂಳು ಎದೆಗಿಳಿದು, ಅಂಗಳ ದಾಟುವುದೂ ಕಷ್ಟವಾದ ಎಂಬತ್ತಾರರ ಒಂದು ಮಧ್ಯಾಹ್ನ, ಕೋಟು ಹಾಕಿಕೊಂಡು, ನಾಲ್ಕು ಕಡೆ ಕೂತು ಎದ್ದು, ಸೈಕಲ್ ಶಾಪಿಗೆ ಬಂದ.

“ಆವತ್ತು ಟವಲ್ ನಾನು ಇಳಿಸಲಿಲ್ಲಪ. ಕೈ ಸೋತು ಬಿತ್ತು.”

ಪಕ್ಕೀರಪ್ಪ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. “ಗೊತ್ತೈತಿ ಕಾಕಾ. ಗಡಗಡ ನಡುಗತಿತ್ತು. ನೋಡಿದೆ.”

“ಮತ್ತ್ಯಾಕ ಒದ್ದಿ?”

“ನಾನು ಒದೀದ ನಿಂತಿದ್ರ, ಮುದುಕಗ ಕೈ ಎತ್ತಾಕ ಆಗಂಗಿಲ್ಲ ಅಂತ ಮಂದಿ ನಗತಿದ್ರು.” ಗುಳ್ಳೆ ಸಿಕ್ಕಿತು, ಅದರ ಮೇಲೆ ಬೆರಳಿಟ್ಟ. “ಎರಡನೇದ್ದು ಮಾತ್ರ ನಂದ ತಪ್ಪು. ಅದನ್ನ ಕೇಳಬ್ಯಾಡ್ರಿ.”

ಪಂಕ್ಚರ್ ಮುಗಿಯುವವರೆಗೂ ಗಾದಿಲಿಂಗಪ್ಪ ಅಲ್ಲಿಯೇ ಸ್ಟೂಲಿನ ಮೇಲೆ ಕೂತಿದ್ದ.

ಗೆದ್ದವರ ಹೆಸರು ಊರಿನ ಬಾಯಲ್ಲಿರುತ್ತದೆ, ಸೋಲಿಗೆ ಕಾರಣರಾದವರದು ಇನ್ನೂ ಹೆಚ್ಚು. ಇಬ್ಬರಿಗೂ ಒಂದು ಗಳಿಗೆಯ ನಿಶ್ಶಬ್ದ ಒದಗಿಸಿಕೊಡಲು ಅಂಚಿನಲ್ಲಿ ಕೈಯೆತ್ತಿ ನಿಂತವರು ಎಲ್ಲ ಊರಲ್ಲೂ ಇದ್ದಾರೆ. ಕೈ ನೋಯುತ್ತದೆಯೇ ಎಂದು ಅವರನ್ನು ಕೇಳುವ ಕಟ್ಟಳೆಯನ್ನು ಮಾತ್ರ ಯಾವ ಹಿರಿಯರೂ ಮಾಡಿಟ್ಟಿಲ್ಲ.

ಶ್ರಾವಣದಲ್ಲಿ ಗಾದಿಲಿಂಗಪ್ಪ ಕೊನೆಯ ಸಲ ಮನೆಯಿಂದ ಹೊರಟಾಗ ಮುಂದಿನ ಹೆಗಲು ಪಕ್ಕೀರಪ್ಪನದು. ಹಲಗೆಯವರು ಬಾರಿಸಲು ಹಿಂಜರಿದು ಹಂಪಮ್ಮನ ಮುಖ ನೋಡಿದರು.

“ಬಾರಿಸ್ರಪ,” ಎಂದಳು. “ಕೈ ಇಳಿಸ್ಯಾರ.”